ನೆರಳಲ್ಲಿ ಮೂರು ದಿನ ಇಟ್ಟ ಮಣ್ಣು

ಮುಕಲ್ಲಾ
೧೪ ನವೆಂಬರ್ ೨೦೨೪, ಗುರುವಾರ

ಮಗಳೇ ಮುಜ್ನಾ,

ನಿನಗೂ ಅಳಿಯ ಅವದ್‌ಗೂ ಮಕ್ಕಳಿಬ್ಬರಿಗೂ ಅಪ್ಪನ ಸಲಾಮು. ನಾನು ಆರೋಗ್ಯವಾಗಿದ್ದೇನೆ. ಮಂಡಿ ಮಾತ್ರ ನನ್ನ ಮಾತು ಕೇಳುವುದಿಲ್ಲ. ನಲವತ್ತು ವರ್ಷ ಏಣಿ ಹತ್ತಿ ಇಳಿದ ಮಂಡಿ, ಅದರ ಮೇಲೆ ಸಿಟ್ಟು ಮಾಡಿ ಏನು ಬಂತು. ನಿನ್ನ ಕಾಗದ ಕೈಸೇರಿ ತಿಂಗಳ ಮೇಲಾಯಿತು. ಇಲ್ಲಿಂದ ನಿಮ್ಮ ಸೈವೂನ್ ಕಡೆಗೆ ವ್ಯಾನ್ ಓಡಿಸುತ್ತಾನಲ್ಲ ಬಖೀತ್, ಅವನು ವಾರಕ್ಕೊಮ್ಮೆ ಬಂದು ಉತ್ತರ ಸಿದ್ಧವಾಯಿತಾ ಅಂತ ಕೇಳುತ್ತಾನೆ, ನಾನು ವಾರಕ್ಕೊಮ್ಮೆ ಚಹಾ ಕುಡಿಸಿ ಬರಿಗೈಯಲ್ಲಿ ಕಳಿಸುತ್ತೇನೆ. ಹೋದ ವಾರ ಅವನು, "ಮೇಸ್ತ್ರಿ, ಇಷ್ಟೊತ್ತಿಗೆ ನೀವು ಒಂದು ಅಂತಸ್ತು ಎಬ್ಬಿಸಿರ್ತಿದ್ರಿ" ಅಂದ. ತಡವಾದದ್ದು ನನ್ನದೇ ತಪ್ಪು. ಫೋನಿನಲ್ಲಿ ಹೇಳಬಹುದಿತ್ತು, ಆದರೆ ನಾನು ಫೋನು ಹಿಡಿದರೆ ನಿನ್ನ ಅಣ್ಣನ ಐದು ಮಕ್ಕಳೂ ಮೈಮೇಲೆ ಬೀಳುತ್ತವೆ. ಎಲ್ಲರ ಕಿವಿಗೆ ಬೀಳಬೇಕಾದ ಮಾತಲ್ಲ ಇದು.

ನಿನ್ನ ಅಣ್ಣ ಫರಜ್ ಮನೆಯಲ್ಲಿ ಎಲ್ಲರೂ ಕ್ಷೇಮ. ಸೊಸೆ ದಿನಾ ಮೀನು ಮಾಡುತ್ತಾಳೆ, ಚೆನ್ನಾಗಿಯೇ ಮಾಡುತ್ತಾಳೆ, ಆದರೆ ದಿನಾ ಮಾಡುತ್ತಾಳೆ. ಮೂರನೇ ಮಹಡಿ, ಮೇಲಿಂದ ಕೆಳಗಿನವರೆಗೆ ಸಿಮೆಂಟು. ಬೇಸಿಗೆಯಲ್ಲಿ ಕರೆಂಟು ಹೋದಾಗ ಗೋಡೆಗೆ ಬೆನ್ನು ಕೊಟ್ಟರೆ ಕಾದ ಕಾವಲಿಗೆ ಬೆನ್ನು ಕೊಟ್ಟ ಹಾಗೆ. ಕೆಳಗಿನ ಮನೆಯಲ್ಲಿ ಒಬ್ಬ ಎಂಜಿನಿಯರ್ ಹುಡುಗ ಇದ್ದಾನೆ. ನಾನು ಮಣ್ಣಿನ ಮೇಸ್ತ್ರಿ ಅಂತ ತಿಳಿದ ದಿನದಿಂದ ಎದ್ದುನಿಂತು ಸಲಾಮು ಮಾಡುತ್ತಾನೆ. ನಮ್ಮ ಮನೆಗಳು ಪರಿಸರಸ್ನೇಹಿಯಂತೆ, ಹೊರದೇಶದವರು ಈಗ ಅದನ್ನು ಕಲಿಯುತ್ತಿದ್ದಾರಂತೆ. ನಮ್ಮಜ್ಜನಿಗೆ ಪರಿಸರ ಗೊತ್ತಿರಲಿಲ್ಲ ಮಗಾ, ಕೈಗೆ ಸಿಕ್ಕಿದ್ದು ಮಣ್ಣು ಅಷ್ಟೆ ಅಂದೆ. ಅದನ್ನೂ ಬರೆದುಕೊಂಡ.

ಇನ್ನು ಹೊಸ ಮನೆ ಕಟ್ಟುವ ಬಗ್ಗೆ ನಿನ್ನ ಪ್ರಶ್ನೆಗಳು. ಶಾಲೆ ಮೇಷ್ಟ್ರ ಹೆಂಡತಿ ಅನ್ನುವುದಕ್ಕೆ ನಂಬರು ಹಾಕಿ ಬರೆದಿದ್ದೀಯ. ನಾನು ನಂಬರಿನ ಪ್ರಕಾರ ಉತ್ತರ ಕೊಡುವ ಮನುಷ್ಯನಲ್ಲ, ಹುಡುಕಿಕೊಂಡು ಓದು.

ಮಳೆ ಬಂದರೆ ಮಣ್ಣಿನ ಮನೆ ಕರಗುವುದಿಲ್ಲವೇ ಅಂತ ನಿನ್ನ ಅತ್ತೆ ಕೇಳಿದರಂತೆ. ಅರವತ್ತು ವರ್ಷದಿಂದ ತಾವು ಮಲಗಿ ಎದ್ದು ಮಾಡುತ್ತಿರುವುದು ಯಾವ ಮನೆಯಲ್ಲಿ ಅಂತ ಮೆತ್ತಗೆ ವಿಚಾರಿಸು. ನಮ್ಮ ಕಣಿವೆಯಲ್ಲಿ ಮಳೆ ನೆಂಟರ ಹಾಗೆ, ಅಪರೂಪಕ್ಕೆ ಬರುತ್ತದೆ, ಬಂದರೆ ಮನೆಯಲ್ಲಿ ಇರುವುದನ್ನೆಲ್ಲ ಕೇಳುತ್ತದೆ. ಅದಕ್ಕೆ ಸಿದ್ಧವಾಗಿರಬೇಕು. ಪಾಯದ ಕಲ್ಲು ನೆಲದಿಂದ ಮಂಡಿಮಟ್ಟಕ್ಕೆ ಮೇಲೆ ಬರಲಿ. ಮಾಳಿಗೆಗೂ ಅದರ ಕೈಗೋಡೆಯ ನೆತ್ತಿಗೂ ಸುಣ್ಣದ ಗಾರೆ ಬೀಳಲಿ. ಮಾಳಿಗೆಯ ನೀರಿಗೆ ಮರದ ದೋಣಿ ಇಡಿಸು, ಗೋಡೆಯಿಂದ ಒಂದು ಮೊಳ ಆಚೆಗೆ ಚಾಚಿರಲಿ. ದೋಣಿ ಗಿಡ್ಡವಾದರೆ ನೀರು ಗೋಡೆಯನ್ನೇ ನೆಕ್ಕುತ್ತಾ ಇಳಿಯುತ್ತದೆ.

ಗೆದ್ದಲಿಗೆ ಔಷಧಿ ಯಾವುದು ಅಂತ ಕೇಳಿದ್ದೀಯ. ಅಂಗಡಿಯದು ಬೇಡ. ಪಾಯ ತೋಡಿದ ಮೇಲೆ ತಳಕ್ಕೆ ಒಲೆಯ ಬೂದಿ, ಅದರ ಮೇಲೆ ಕಲ್ಲುಪ್ಪು ಹರಡಿಸು. ಆದರೆ ಮನೆಯಲ್ಲಿ ಉಪ್ಪಿಗೆ ಜಾಗ ಅಡುಗೆಮನೆ ಬಿಟ್ಟರೆ ಅದೊಂದೇ. ಇಟ್ಟಿಗೆಯ ಮಣ್ಣಿನಲ್ಲಿ ಉಪ್ಪಿದ್ದರೆ ಗೋಡೆ ನಾಲ್ಕು ವರ್ಷದಲ್ಲಿ ಹಿಟ್ಟಾಗಿ ಉದುರುತ್ತದೆ. ಮಣ್ಣು ಒಳ್ಳೆಯದೋ ಕೆಟ್ಟದ್ದೋ ಹೇಗೆ ತಿಳಿಯುವುದು ಅಂದೆಯಲ್ಲ, ಇದು ಸುಲಭ. ಎರಡು ಮುಷ್ಟಿ ಮಣ್ಣು ತೆಗೆದುಕೊಂಡು ಸಿಹಿನೀರಿನಲ್ಲಿ ನಾದಿ ಉಂಡೆ ಮಾಡು. ಕಲ್ಲಿನ ಮೇಲೆ ನೆರಳಲ್ಲಿ ಮೂರು ದಿನ ಇಡು. ಉಪ್ಪಿದ್ದರೆ ಮೈಮೇಲೆ ಬಿಳಿ ಹೂ ಕೂರುತ್ತದೆ. ಕೂತರೆ ಆ ಮಣ್ಣನ್ನು ಮೇಕೆ ಕೊಟ್ಟಿಗೆಗೂ ಬಳಸಬೇಡ. ಈ ಪರೀಕ್ಷೆಯಲ್ಲಿ ಯಾರ ಬಾಯಿಮಾತನ್ನೂ ನಂಬುವ ಅಗತ್ಯವಿಲ್ಲ, ಮಣ್ಣೇ ಹೇಳುತ್ತದೆ.

ಅವದ್‌ಗೆ ರಂಜಾನ್ ಒಳಗೆ ಎರಡು ಅಂತಸ್ತೂ ಮುಗಿಯಬೇಕಂತೆ. ಇಟ್ಟಿಗೆಗೆ ಶಾಲೆಯ ಗಂಟೆ ಕೇಳಿಸುವುದಿಲ್ಲ ಅಂತ ಹೇಳು. ನಾಲ್ಕು ವರಸೆ ಇಡುವುದು, ನಿಲ್ಲಿಸುವುದು, ಉಗುರು ಒತ್ತಿದರೆ ಗುರುತು ಬೀಳದಷ್ಟು ಒಣಗಿದ ಮೇಲೆ ಮತ್ತೆ ನಾಲ್ಕು. ಈ ವರ್ಷ ಕೆಳಗಿನದು ಮಾಡಿಕೊಳ್ಳಿ. ಬಾಗಿಲಿಗೆ ಎಲಚಿ ಮರವೇ ಆಗಲಿ. ಬಾಗಿಲ ಚೌಕಟ್ಟು ನಿಲ್ಲಿಸುವ ದಿನ ಕೆಲಸದವರಿಗೆ ಮೇಕೆ ಕಡಿಸಿ ಊಟ ಹಾಕಬೇಕು, ಅದರಲ್ಲಿ ಕೈ ಬಿಗಿ ಮಾಡಬೇಡ. ಬಚ್ಚಲಿಗೆ ಸುಣ್ಣದ ಗಾರೆ, ಕೋಲಿನಿಂದ ಎರಡು ದಿನ ಬಡಿಸಬೇಕು. ಕೆಲಸದವರು ಒಂದೇ ದಿನಕ್ಕೆ ಸಾಕು ಅಂತಾರೆ. ಸಾಲದು.

ನಮ್ಮ ಹಳೇ ಮನೆಯ ಮಣ್ಣಿನ ರಾಶಿ ಹಾಗೇ ಬಿದ್ದಿದೆ, ಜನ ಅದನ್ನು ಉಪ್ಪುಮಣ್ಣು ಅನ್ನುತ್ತಾರೆ, ಸಾಗಿಸಿ ಹಳ್ಳಕ್ಕೆ ಹಾಕಿಸಲೇ ಅಂತ ಕೇಳಿದ್ದೀಯ. ಮುಟ್ಟಿಸಬೇಡ. ನಮ್ಮ ಕಡೆ ಬಿದ್ದ ಮನೆಯ ಮಣ್ಣೇ ಹೊಸ ಮನೆಗೆ ಇಟ್ಟಿಗೆಯಾಗುವುದು, ಹಳೆಯದಾದಷ್ಟೂ ಹದ. ಅದರ ವಿಷಯ ಕೊನೆಗೆ ಬರೆಯುತ್ತೇನೆ.

ಉಳಿದದ್ದು ಎರಡು. ವರ್ಷ ವರ್ಷ ಮಣ್ಣು ಮೆತ್ತಿಸುವ ರಗಳೆ ಯಾಕೆ, ಹೊರಗೋಡೆಗೆ ಒಂದೇ ಸಲ ಸಿಮೆಂಟು ಬಳಿದರೆ ಗಟ್ಟಿಯಲ್ಲವೇ ಅಂತ ಅವದ್ ಕೇಳುತ್ತಾನೆ, ಹನ್ನೆರಡು ಚೀಲ ತಂದೂ ಇಟ್ಟಿದ್ದಾನೆ. ಬೇಡ. ಮಾಳಿಗೆಗೆ ಪ್ರತಿ ವರ್ಷ ಸುಣ್ಣ, ಗೋಡೆಗೆ ಮೂರು ವರ್ಷಕ್ಕೊಮ್ಮೆ ಮಣ್ಣು ಮೆತ್ತಲೇಬೇಕು. ಮಗುವಿಗೆ ದಿನಾ ಸ್ನಾನ ಯಾಕೆ ಅಂತ ಯಾರೂ ಕೇಳುವುದಿಲ್ಲವಲ್ಲ. ಚೀಲಗಳನ್ನು ಯಾರಾದರೂ ಬಾವಿಕಟ್ಟೆ ಕಟ್ಟುವವರಿಗೆ ಕೊಟ್ಟುಬಿಡಲಿ.

ಇನ್ನೊಂದು ಪ್ರಶ್ನೆಯೇ ಅಲ್ಲ, ಸುದ್ದಿ. ಇಟ್ಟಿಗೆ ಮಾಡುವ ಸಾಲಮೀನ್ ನಿಮ್ಮ ಬಾಗಿಲಿಗೆ ಬಂದಿದ್ದು, ತನ್ನ ಇಟ್ಟಿಗೆ ಕಣ ನಿಮ್ಮ ಜಾಗಕ್ಕೆ ಅಂಟಿಕೊಂಡೇ ಇದೆ, ಕಡಿಮೆಗೆ ಮಾಡಿಕೊಡ್ತೀನಿ ಅಂದದ್ದು. ನೀನು ಅವನಿಗೆ ಹೇಳಿದ ಮಾತನ್ನು ನನಗೆ ಬರೆದಿದ್ದೀಯ: "ನಮ್ಮಮ್ಮನ್ನ ಕೊಂದ ಇಟ್ಟಿಗೆ ನಮಗೆ ಬೇಡ." ಅವನು ಚಪ್ಪಲಿ ಮೆಟ್ಟಿಕೊಂಡು ಹೋದನಂತೆ. ಕೆಳಗೆ, ಅಪ್ಪಾ ನೀನಿದ್ದಿದ್ದರೂ ಇದನ್ನೇ ಹೇಳ್ತಿದ್ದೆ ಅಂತಲೂ ಬರೆದಿದ್ದೀಯ. ಆ ಸಾಲು ಓದಿದ ಮೇಲೆ ನನಗೆ ಒಂದು ತಿಂಗಳು ಪೆನ್ನು ಹಿಡಿಯಲಾಗಲಿಲ್ಲ.

ಮಕ್ಕಳನ್ನು ಹಳ್ಳದ ಕಡೆ ಬಿಡಬೇಡ. ನಿನ್ನ ಅತ್ತೆಗೆ ಸಲಾಮು ಹೇಳು, ನಾನು ಅಂದ ಮಾತನ್ನಲ್ಲ. ನೀನು ಕಟ್ಟುವ ಗೋಡೆಗಳ ಒಳಗೆ ಅಲ್ಲಾಹನು ನಿನಗೆ ದೀರ್ಘಾಯುಷ್ಯ ಕೊಡಲಿ, ಹೊಸ ಒಲೆಯಲ್ಲಿ ಎಂದೂ ಬೆಂಕಿ ಆರದಿರಲಿ.

ಇಂತಿ,
ನಿನ್ನ ಅಪ್ಪ,
ಕರಾಮಾ ಮೇಸ್ತ್ರಿ

ವಿ.ಸೂ.: ಸಹಿ ಮಾಡಿ ಮಡಚಿದ್ದೆ. ಮತ್ತೆ ಬಿಚ್ಚಿದ್ದೇನೆ. ಕೊನೆಗೆ ಬರೆಯುತ್ತೇನೆ ಅಂದದ್ದನ್ನು ಬರೆಯದೆ ಕಳಿಸಿದರೆ ಇಡೀ ಕಾಗದವೇ ಸುಳ್ಳಾಗುತ್ತದೆ.

ಗೋಡೆಗೆ ಮೂರು ವರ್ಷಕ್ಕೊಮ್ಮೆ ಮಣ್ಣು ಮೆತ್ತಬೇಕು ಅಂದೆನಲ್ಲ, ನಮ್ಮ ಅಡುಗೆಮನೆಯ ಹಿಂದಿನ ಗೋಡೆಗೆ ಆರು ವರ್ಷವಾದರೂ ನಾನು ಮೆತ್ತಿರಲಿಲ್ಲ. ಊರವರ ಮನೆಗಳೇ ಮುಗಿಯುತ್ತಿರಲಿಲ್ಲ. ನಿನ್ನ ಅಮ್ಮ, "ಊರಿಗೆಲ್ಲಾ ಮೇಸ್ತ್ರಿ, ಮನೆಗೆ ಬಂದ್ರೆ ನೆಂಟ" ಅಂತ ನನ್ನ ಮುಂದೆ ತಟ್ಟೆ ಇಡುವಾಗಲೆಲ್ಲ ಅನ್ನುತ್ತಿದ್ದಳು. ಕೊನೆಗೆ ನಾನು ಮಣ್ಣು ತರಲಿಲ್ಲ, ಬಂದರಿನಿಂದ ಬಂದ ಲಾರಿಯಿಂದ ನಾಲ್ಕು ಚೀಲ ಸಿಮೆಂಟು ಇಳಿಸಿಕೊಂಡೆ. ಎರಡು ದಿನದಲ್ಲಿ ಒಳಗೂ ಹೊರಗೂ ಬಳಿದು ಮುಗಿಸಿದೆ. ಇನ್ನು ಜನ್ಮದಲ್ಲಿ ಈ ಗೋಡೆಯ ಮಾತೆತ್ತಬೇಡ ಬರ್ಕಾ ಅಂದೆ. ಅವಳಿಗೆ ಎಷ್ಟು ಸಂತೋಷವಾಯಿತೆಂದರೆ ವಾರಕ್ಕೊಮ್ಮೆ ಆ ಗೋಡೆಗೆ ನೀರು ಹಾಕಿ ಉಜ್ಜುತ್ತಿದ್ದಳು.

ಸಿಮೆಂಟು ಎಲ್ಲಾದರೂ ಕೂದಲೆಳೆಯಷ್ಟು ಬಿರಿಯುತ್ತದೆ, ನೀರು ಒಳಗೆ ಹೋಗುತ್ತದೆ. ಮಣ್ಣಾಗಿದ್ದರೆ, ಸುಣ್ಣವಾಗಿದ್ದರೆ, ಆ ತೇವ ಹೇಗೆ ಬಂತೋ ಹಾಗೆ ಹೊರಗೆ ಹೋಗುತ್ತದೆ. ಸಿಮೆಂಟು ಬಿಡುವುದಿಲ್ಲ. ನಾಲ್ಕು ವರ್ಷ ಹೊರಗೆ ಗೋಡೆ ಹೊಸದರ ಹಾಗೆ ಇತ್ತು. ಮಳೆಯಿಲ್ಲ, ಗಾಳಿಯಿಲ್ಲ, ಒಂದು ದಿನ ಬೆಳಿಗ್ಗೆ ಅವಳು ಹಿಟ್ಟು ನಾದುತ್ತಾ ಕೂತಿದ್ದಾಗ ಬಿತ್ತು. ನಿನಗೆ ಎಂಟು ವರ್ಷ, ಚಿಕ್ಕಮ್ಮನ ಮನೆಯಲ್ಲಿದ್ದೆ.

ನಾನು ಬಂದು ಎತ್ತುವಾಗ ಸಿಮೆಂಟಿನ ಹಲಗೆ ಒಂದು ಬಾಗಿಲಿನಷ್ಟು ದೊಡ್ಡದು ಇಡಿಯಾಗಿ ಬಿದ್ದಿತ್ತು. ಅದರ ಬೆನ್ನಿಗೆ ಅಂಟಿದ್ದ ಮಣ್ಣು ಅವಳು ನಾದುತ್ತಿದ್ದ ಹಿಟ್ಟಿನ ಹಾಗೆ ಮೆತ್ತಗಿತ್ತು. ಅಷ್ಟು ವರ್ಷ ಗೋಡೆ ಕಟ್ಟಿದ ಮೇಸ್ತ್ರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಮಾರನೇ ದಿನ ಜನ ದಫನಿಗೆ ಸೇರುವ ಮೊದಲು ಆ ಹಲಗೆಯನ್ನು ಒಡೆದು ಕತ್ತೆಯ ಮೇಲೆ ಹೇರಿ ಹಳ್ಳಕ್ಕೆ ಹಾಕಿ ಬಂದೆ.

ಮಾತಾಡಿಸಲು ಬಂದವರೆಲ್ಲ ಕೇಳಿದ್ದು ಒಂದೇ, ಕರಾಮಾ ಮೇಸ್ತ್ರಿಯ ಸ್ವಂತ ಗೋಡೆ ಬೀಳುವುದೆಂದರೇನು? ಮೂರನೇ ದಿನ ನಾನು, "ಇಟ್ಟಿಗೆ ಮಣ್ಣಲ್ಲಿ ಉಪ್ಪಿತ್ತು" ಅಂದುಬಿಟ್ಟೆ. ಆ ಇಟ್ಟಿಗೆ ಮಾಡಿದ ಸಾಲಮೀನ್ ಬಂದವರ ಸಾಲಿನಲ್ಲಿ ನನ್ನಿಂದ ನಾಲ್ಕನೆಯವನಾಗಿ ಕೂತಿದ್ದ. ಎದ್ದು ಹೋಗಿ ರಾಶಿಯಿಂದ ಒಂದು ಹಿಡಿ ಮಣ್ಣು ತೆಗೆದು ನಾಲಿಗೆಗೆ ಇಟ್ಟು ನೋಡಿದ. ತಿರುಗಿ ಬಂದು ನನ್ನ ಕೈ ಹಿಡಿದ. "ಮೇಸ್ತ್ರಿ, ಅಲ್ಲಾ ನಿಮಗೆ ತಾಳ್ಮೆ ಕೊಡ್ಲಿ" ಅಂದ. ಅಷ್ಟೆ. ಅವನಿಗೆ ಗೊತ್ತಾಗಿತ್ತು, ಗೊತ್ತಾಗಿದೆ ಅಂತ ನನಗೂ ಗೊತ್ತಾಯಿತು. ಅಂದಿನಿಂದ ಹತ್ತೊಂಬತ್ತು ವರ್ಷ ಅವನ ಇಟ್ಟಿಗೆಯನ್ನು ಮೇಕೆ ದೊಡ್ಡಿಗೆ ಬಿಟ್ಟರೆ ಯಾರೂ ಕೊಳ್ಳಲಿಲ್ಲ, ಅವನು ಎಲ್ಲಿಯೂ ಬಾಯಿ ಬಿಡಲಿಲ್ಲ. ಮೊಣಕಾಲು ನೋವು ಅಂತ ನಾನು ಮುಕಲ್ಲಾಕ್ಕೆ ಬಂದೆ ಅಂತ ನೀವೆಲ್ಲ ತಿಳಿದಿದ್ದೀರಿ. ಅವನ ಕಣದ ಮುಂದೆ ಹಾದುಹೋಗಲು ಆಗುತ್ತಿರಲಿಲ್ಲ.

ನನ್ನ ಮಾತನ್ನು ನಂಬು ಅಂತ ಕೇಳುವ ಯೋಗ್ಯತೆ ನನಗಿಲ್ಲ. ಸಾಲಮೀನ್ ಮನೆಗೆ ನೀನೇ ಹೋಗು. ಈ ಕಾಗದವನ್ನು ಅವನ ಮುಂದೆ ಓದು, ಅವದ್‌ಗೂ ಕೇಳಿಸು, ಊರಿಗೂ ಕೇಳಲಿ. ಅವನನ್ನು ಕರೆದುಕೊಂಡು ಹಳೇ ಮನೆಯ ರಾಶಿಯ ಹತ್ತಿರ ಹೋಗಿ, ಮೇಲಿನದನ್ನು ಸರಿಸಿ ಒಳಗಿನ ಎರಡು ಮುಷ್ಟಿ ಮಣ್ಣು ತೆಗೆಸು. ಸಿಹಿನೀರಿನಲ್ಲಿ ನೀನೇ ನಾದಿ ಉಂಡೆ ಮಾಡು. ನೆರಳಲ್ಲಿ ಮೂರು ದಿನ ಇಡು.

ಬಿಳಿ ಕೂರುವುದಿಲ್ಲ, ಮಗಳೇ. ಆ ರಾಶಿಯಿಂದಲೇ ಅವನ ಕೈಯಲ್ಲಿ ನಿನ್ನ ಮನೆಗೆ ಇಟ್ಟಿಗೆ ಮಾಡಿಸು. ಬಾಗಿಲ ಚೌಕಟ್ಟು ನಿಲ್ಲಿಸುವ ದಿನ ಅವನನ್ನು ಊಟಕ್ಕೆ ಮೊದಲ ಸಾಲಿನಲ್ಲಿ ಕೂರಿಸು. ನನ್ನನ್ನು ಕರೆಯಬೇಕೋ ಬೇಡವೋ ಅನ್ನುವುದನ್ನು ಆ ಉಂಡೆ ನೋಡಿದ ಮೇಲೆ ಯೋಚಿಸು. ಬಖೀತ್ ವಾರಕ್ಕೊಮ್ಮೆ ಬರುತ್ತಾನೆ.