ಕ್ಯಾಸೆಟ್ಟಿನ ಅಪ್ಪ

ಸಿದ್ದಾಪುರ
9 ಮಾರ್ಚ್ 2025

ಪ್ರೀತಿಯ ಶೋಭಾರಾಣಿಗೆ ಅವ್ವ ಮಾಡುವ ಆಶೀರ್ವಾದ.

ಯಲಬುರ್ಗಾದಲ್ಲಿ ಅಳಿಯಂದಿರು, ಮೊಮ್ಮಗಳು ಕ್ಷೇಮವೆಂದು ನಂಬಿದ್ದೇನೆ. ಬರೆಯಲು ತಡವಾಯಿತು, ಬೇಸರಿಸಬೇಡ. ಅವತ್ತು ಫೋನಿನಲ್ಲಿ ನನಗೂ ಒಂದು ಮಾತಾಡಲು ಬಿಟ್ಟಿದ್ದರೆ ಈ ಕಾಗದದ ಉಸಾಬರಿಯೇ ಇರುತ್ತಿರಲಿಲ್ಲ. ಸಿಟ್ಟಿನಲ್ಲಿ ನೀನು ನಿಮ್ಮಪ್ಪನನ್ನೂ ಮೀರಿಸಿದವಳು.

ನಿಮ್ಮಪ್ಪನ ಗಿಟಾರ್ ಬ್ಯಾಂಡಿನ ಹಳೆಯ ಹಾಡುಗಳನ್ನೆಲ್ಲ ಸ್ವಚ್ಛಗೊಳಿಸಿ, ಡಿಜಿಟಲ್ ಮಾಡಿಸಿ ಮೊಬೈಲಿನಲ್ಲಿ ಎಲ್ಲರೂ ಕೇಳುವಂತೆ ಬಿಡಿಸಿದವರು ಆಗ ಡ್ರಮ್ ಬಾರಿಸುತ್ತಿದ್ದ ಇಬ್ರಾಹಿಂಸಾಬರು. "ಅವ್ವಾ, ಇದು ನಮ್ಮಪ್ಪನ ದನಿ ಅಲ್ಲ. ಕೆಡಿಸ್ಯಾರ. ತಗಸಿಬಿಡು" ಎಂದು ನೀನು ಚೀರಾಡಿ ಫೋನ್ ಇಟ್ಟೆ. ತೊಟ್ಟಿಲಲ್ಲಿದ್ದಾಗಲೇ ಅಪ್ಪನನ್ನು ಕಳೆದುಕೊಂಡವಳು ನೀನು. ಕ್ಯಾಸೆಟ್ಟಿನ ಆ ಸಣ್ಣ ದನಿಯೇ ನಿನಗೆ ಅಪ್ಪ. ನಿನ್ನ ಸಂಕಟ ನನಗೆ ತಿಳಿಯದೇ?

ಮರುದಿನ ಇಬ್ರಾಹಿಂಸಾಬರನ್ನು ಮನೆಗೆ ಕರೆಸಿ ಜಗಳವನ್ನೇ ತೆಗೆದೆ. ಪಾಪ, ಅವರು ಚಹಾದ ಕಪ್ಪು ಕೆಳಗಿಟ್ಟು ಹೇಳಿದರು: "ತಂಗೀ, ಕೆಡಿಸಿಲ್ಲ, ನೆಟ್ಟಗ ಮಾಡ್ಯಾರ. ಅವಾಗ ರೈಸ್ ಮಿಲ್ಲಿನ ಗೋದಾಮಿನ್ಯಾಗ ರೆಕಾರ್ಡ್ ಮಾಡಿದ್ವಿ. ಊರಾಗಿನ ಪಂಪ್‌ಸೆಟ್ ಎಲ್ಲಾ ಚಾಲೂ ಇದ್ವು. ವೋಲ್ಟೇಜ್ ಸಾಲದಕ್ಕ ರೆಕಾರ್ಡ್ ಮಾಡೋ ಮಶೀನು ನಿಧಾನ ತಿರುಗ್ತಿತ್ತು. ಅದಕ್ಕ ಕ್ಯಾಸೆಟ್ ಹಚ್ಚಿದ್ರ ಹಾಡು ಓಡಿದಂಗ, ದನಿ ಸಣ್ಣ ಆದಂಗ ಕೇಳ್ತಿತ್ತು. ನಮ್ಮ ಕಾಶಿನಾಥನ ಖರೇ ದನಿ ಈಗ ಬಂದೈತಿ."

ಹೀಗಾಗಿ ನಾನು ತೆಗೆಸಿಲ್ಲ, ತೆಗೆಸುವುದೂ ಇಲ್ಲ. ನಿನ್ನ ಕ್ಯಾಸೆಟ್ಟನ್ನು ಯಾರೂ ಕಸಿದುಕೊಳ್ಳುವುದಿಲ್ಲ, ಅದನ್ನೂ ಇಟ್ಟುಕೋ. ಆದರೆ ಇದನ್ನೂ ಒಮ್ಮೆ ಸಮಾಧಾನದಿಂದ ಕೇಳು. ಸಿಟ್ಟು ಇಳಿದ ಮೇಲೆ ಬಸ್ಸು ಹತ್ತಿ ಬಾ.

ಕೂಸಿಗೆ ಮುತ್ತು. ಎಲ್ಲರೂ ತಣ್ಣಗಿರಿ.

ನಿನ್ನ ಅವ್ವ,
ಹೇಮಾವತಿ

ತಾ.ಕ.: ಇದನ್ನು ಬರೆಯಬಾರದು ಅಂದುಕೊಂಡಿದ್ದೆ, ಮನಸ್ಸು ತಡೆಯಲಿಲ್ಲ. ಅವತ್ತು ಇಬ್ರಾಹಿಂಸಾಬರು ಮೊಬೈಲಿನಲ್ಲಿ ಹಾಡು ಹಚ್ಚಿದಾಗ ಒಳಗೆ ಮಲಗಿದ್ದ ನಿನ್ನ ಅಜ್ಜಿ ಹೊಳಿಯಮ್ಮ ಗೋಡೆ ಹಿಡಿದುಕೊಂಡು ಬಾಗಿಲಿಗೆ ಬಂದಳು. ಈಗೀಗ ಆಕೆಗೆ ನಾನು ಯಾರೆಂಬುದೂ ನೆನಪಿರುವುದಿಲ್ಲ. "ಕಾಶಿ ಬಂದಾನ ನೋಡವಾ, ಕಾಲಿಗೆ ನೀರು ಕೊಡು" ಎಂದಳು. ಕೇಳಿದ ಕೂಡಲೇ ಮಗನನ್ನು ಗುರುತು ಹಿಡಿದಳು. ನಾನು ಆತನ ಹೆಂಡತಿ. ಕ್ಯಾಸೆಟ್ ಕೇಳಿ ಕೇಳಿ, ನನ್ನೊಳಗಿದ್ದ ಆತನ ದನಿ ಯಾವಾಗ ಅಳಿಸಿಹೋಯಿತೋ ನನಗೆ ಗೊತ್ತೇ ಆಗಲಿಲ್ಲ. ಅತ್ತೆ ಎದ್ದು ಬರುವ ಮುಂಚೆ ಇಬ್ರಾಹಿಂಸಾಬರಿಗೆ ನಾನು ಕೇಳಿದ್ದು ಇಷ್ಟೇ: "ಅಣ್ಣಾ, ಇದನ್ನ ಯಾರ ಕಡಿಂದ ಹಾಡಿಸೀರಿ?"