ಉಜ್ಜುವ ಟೈರು

ಲೋಗನ್, ಕ್ವೀನ್ಸ್‌ಲ್ಯಾಂಡ್
ಮಂಗಳವಾರ

ಸೊಲೊಮೊನಾ,

ಕ್ಷೇಮವೇ ಅಂತ ಈ ಸಲ ಕೇಳುವುದಿಲ್ಲ.

ಅಪ್ಪನ ಕಾರಿಗೆ ಅಳತೆ ಮೀರಿದ ಚಕ್ರ ಹಾಕಿಸಿದ್ದು ನೀನು. ಟೈರು ಮಡ್‌ಗಾರ್ಡಿಗೆ ಉಜ್ಜಿದಾಗ ಅದರ ಅಂಚನ್ನು ಸುತ್ತಿಗೆಯಿಂದ ಬಡಿದು ಮಡಚಿದವನೂ ನೀನೇ. ಆಮೇಲೂ ಉಜ್ಜಿತು. ಆಗ ಚರ್ಚಿನ ಮುಂದೆ, ಎಲ್ಲರೆದುರು, ನೀನು "ಅಮ್ಮ ಹಿಂದೆ ಕೂತರೆ ಮಾತ್ರ ಹೀಗಾಗೋದು" ಅಂದು ನಕ್ಕೆ. ಅಮ್ಮನೂ ನಕ್ಕಳು.

ಮೊನ್ನೆ ಭಾನುವಾರ ಅಮ್ಮ ಬಿಳಿ ಉಡುಪು ತೊಟ್ಟು ಚರ್ಚಿಗೆ ನಡೆದೇ ಹೋದಳು. ಮಧ್ಯಾಹ್ನ ತೆಂಗಿನಹಾಲಿನಲ್ಲಿ ಬೇಯಿಸಿದ ಕೆಸುವಿನ ಗೆಡ್ಡೆ ಬಡಿಸಿದರೆ ತಟ್ಟೆ ಸರಿಸಿದಳು. ಯಾಕಮ್ಮ ಅಂದೆ.

"ಸಾಕು ಕಣೆ. ಟೈರು ಉಜ್ಜುತ್ತೆ."

ಹಳೆಯ ಚಕ್ರಗಳು ಶೆಡ್ಡಿನಲ್ಲಿವೆ. ಶನಿವಾರದೊಳಗೆ ಹಾಕು. ಭಾನುವಾರ ಹಿಂದಿನ ಬಾಗಿಲು ನೀನೇ ತೆಗೆದು ಅಮ್ಮನನ್ನು ಕೂರಿಸು.

ನಿನ್ನ ಅಕ್ಕ,
ಮಾಸಿನಾ