ಎಣ್ಣೆಗೆ ಹಾಕಿದ ಹುಣಸೆಹಣ್ಣು

ಅಕ್ಕಾ,

ನೀನು ಸತ್ತು ವರ್ಷವಾದರೂ ನಿನ್ನ ಕಾಟ ತಪ್ಪಲಿಲ್ಲ. ಇವತ್ತು ಮಧ್ಯಾಹ್ನ ಕಟ್ಟೆಮಳಲವಾಡಿಯ ಅರ್ಧ ಊರನ್ನೇ ಕರೆದು, ಕೈಗೆ ಸಿಕ್ಕಿದ್ದನ್ನೆಲ್ಲ ಬೋಂಡ ಮಾಡಿ ತಿನ್ನಿಸುತ್ತೇನೆಂದು ಬಾಣಲೆ ಇಟ್ಟೆ. ಹಲಸಿನ ತೊಳೆ ಆಯಿತು, ದೊಡ್ಡಪತ್ರೆ ಆಯಿತು. ತಂಗಳು ಮುದ್ದೆ ಬಿಟ್ಟೆ ನೋಡು, ಎಣ್ಣೆ ನೊರೆಯೆದ್ದು ಬಾಣಲೆಯ ಅಂಚಿಗೇ ಬಂತು. ಜನ ಎದ್ದು ಓಡಿದರು.

ನಿನ್ನ ಮಗಳು ಅನು ನಕ್ಕಳು. "ಅವ್ವ ಎಣ್ಣೆಗೆ ಚೂರು ಹುಣಸೆಹಣ್ಣು ಹಾಕ್ತಿತ್ತು ಕಣ್ ಮಾವ. ನೀನೇ, ಇದೇನು ಸಾರಾ ಅಂತ ಆಡ್ಕತಿದ್ದೆ."

ಥೂ! ನೀನು ಹುಣಸೆಹಣ್ಣು ತುಂಬಿಡುತ್ತಿದ್ದ ಹಳೇ ಡಾಲ್ಡಾ ಡಬ್ಬದಿಂದಲೇ ಚೂರು ತೆಗೆದು ಹಾಕಿದೆ. ನೊರೆ ಇಳಿಯಿತು. ಅದು ನನ್ನದೇ ಉಪಾಯವೆಂದು ಎಲ್ಲರೆದುರು ಕೊಚ್ಚಿಕೊಂಡೆ.

"ಸುಳ್ಳ!" ಎಂದು ಜಾಲರಿ ಸೌಟು ಎತ್ತಿಕೊಂಡು ಬರಲು ನೀನಿರಲಿಲ್ಲ.